ಇಪ್ಪತ್ತೇಳನೇ ನಂಬರಿನ ಬೆಸುಗೆ

ಕಾಪು
12 ಜನವರಿ 2025

ಸರ್ವೋತ್ತಮ ಮಾಮನಿಗೆ,

ನಿಮ್ಮ ತಂಗಿಯ ಮಗ ವಿಶಾಲನ ಕೈಯಲ್ಲಿ ಹೇಳಿ ಕಳುಹಿಸಿದ್ದು ತಲುಪಿತು. ಬನ್ನಂಜೆಯಲ್ಲಿ ವೆಲ್ಡಿಂಗ್ ತರಬೇತಿ ಕೇಂದ್ರ ತೆರೆದಿದ್ದೀರಂತೆ. ಹುಡುಗಿಯರಿಗೆ ಕಲಿಸಲು ಒಬ್ಬಳು ಹುಡುಗಿಯೇ ಬೇಕಂತೆ. "ಬೂಬನ ಮಗಳಲ್ವಾ, ಕೈ ಚೆನ್ನಾಗಿಯೇ ಇರ್ತದೆ" ಎಂದಿರಂತೆ.

ನಾನು ಬರುವುದಿಲ್ಲ. ಯಾಕೆ ಎಂದು ಬರೆಯುತ್ತೇನೆ. ಫೋನಿನಲ್ಲಿ ಹಾಕಿದ್ದನ್ನು ಅಳಿಸಬಹುದು. ಕಾಗದವನ್ನೂ ಹರಿಯಬಹುದು, ಆದರೆ ಅದು ತಲುಪಿದೆ ಎಂಬುದಕ್ಕೆ ನಿಮ್ಮ ಸಹಿಯನ್ನು ಅಂಚೆಯವರು ನನಗೆ ತಂದುಕೊಡುತ್ತಾರೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನಾನು ಹತ್ತನೇ ತರಗತಿಯಲ್ಲಿ ಫೇಲಾಗಿ ಶಾಲೆ ಬಿಟ್ಟದ್ದು ನಿಮ್ಮಿಂದಲ್ಲ. ಬೆಂಚಿನ ಮೇಲೆ ಒಂದು ಗಂಟೆ ಕೂರಲು ನನ್ನಿಂದ ಆಗುವುದಿಲ್ಲ, ಅಷ್ಟೆ. ಈಗ ಕಾರ್ಕಳದ ಒಂದು ಶೆಡ್ಡಿನಲ್ಲಿ ಮೂರು ವರ್ಷದಿಂದ ಗೇಟು, ಗ್ರಿಲ್ಲು, ಮಾಡಿನ ಶೀಟು ಮಾಡುತ್ತಿದ್ದೇನೆ. ಅದೂ ನಿಮ್ಮಿಂದಲ್ಲ. ನಿಮ್ಮ ಮೇಲೆ ಹಾಕುವುದು ನಿಮ್ಮದನ್ನು ಮಾತ್ರ.

ಹೋದ ವಾರ ಅಪ್ಪನ ಹಳೆಯ ಪಾಸ್‌ಪೋರ್ಟ್ ಹುಡುಕುವಾಗ ಪೆಟ್ಟಿಗೆಯಲ್ಲಿ ಎರಡು ಕಾಗದ ಸಿಕ್ಕಿದವು. ಒಂದು, ಗಲ್ಫಿನ ಕಂಪನಿ ಅಪ್ಪನನ್ನು ಕೆಲಸದಿಂದ ತೆಗೆದಾಗ ಕೊಟ್ಟದ್ದು. ಅದರಲ್ಲಿ ಹೀಗಿದೆ: ಒಡೆದ ಟ್ಯೂಬಿನ ಜಾಯಿಂಟ್ ನಂಬರ್ 114, ಬೆಸೆದ ದಿನ 17 ಜುಲೈ 2018, ವೆಲ್ಡರ್ ನಂಬರ್ 27. ಕಾರಣ, ಕೆಟ್ಟ ಬೆಸುಗೆ. ಇನ್ನೊಂದು, ಅಲ್ಲಿನ ಕ್ಯಾಂಪಿನ ಡಾಕ್ಟರರ ಚೀಟಿ. ಜುಲೈ ಹದಿನಾರರ ಸಂಜೆಯಿಂದ ಹದಿನೆಂಟರ ಬೆಳಿಗ್ಗೆಯ ತನಕ ಅಪ್ಪ ಬಿಸಿಲು ಹೊಡೆದು ಅಲ್ಲಿ ಮಲಗಿದ್ದರು. ಏಳು ಬಾಟಲಿ ಗ್ಲೂಕೋಸ್ ಹಾಕಿದ್ದಾರೆ.

ಹದಿನೇಳನೇ ತಾರೀಕು ನನ್ನ ಅಪ್ಪನ ಕೈಯಲ್ಲಿ ಸೂಜಿ ಇತ್ತು. ವೆಲ್ಡಿಂಗ್ ಟಾರ್ಚ್ ಇರಲಿಲ್ಲ.

ಅಪ್ಪ ರಜೆಯಲ್ಲಿ ಬಂದಾಗ ಅಲ್ಲಿನ ಸೋಲಾರ್ ಗೋಪುರದ ವಿಷಯ ಹೇಳುತ್ತಿದ್ದರು. ನೆಲದ ಮೇಲೆ ಸಾವಿರಾರು ಕನ್ನಡಿ, ಎಲ್ಲವೂ ಸೂರ್ಯನನ್ನು ಒಂದೇ ಗೋಪುರದ ತುದಿಗೆ ಎಸೆಯುತ್ತವೆ. ತುದಿಯಲ್ಲಿ ಸಾಲಾಗಿ ನಿಲ್ಲಿಸಿದ ಕಪ್ಪು ಟ್ಯೂಬುಗಳು. ಅದಕ್ಕೆ ರಿಸೀವರ್ ಎನ್ನುತ್ತಾರೆ. ಟ್ಯೂಬಿನೊಳಗೆ ಕರಗಿದ ಉಪ್ಪು ಹರಿದು ಆ ಬಿಸಿಯನ್ನು ಕೆಳಗೆ ಒಯ್ಯುತ್ತದೆ, ಅದರಿಂದ ಕರೆಂಟು. ಪ್ರತಿ ವೆಲ್ಡರನಿಗೂ ಒಂದು ನಂಬರು, ಆ ನಂಬರಿನ ಉಕ್ಕಿನ ಅಚ್ಚು, ಅದೇ ಪಂಚು. ಬೆಸೆದ ಮೇಲೆ ಪಕ್ಕದಲ್ಲಿ ಹೊಡೆಯಬೇಕು. "ಚಿತ್ರ ಬರೆದವನು ಕೆಳಗೆ ಹೆಸರು ಹಾಕ್ತಾನಲ್ಲ, ಹಾಗೆ" ಎನ್ನುತ್ತಿದ್ದರು. ಆ ವರ್ಷ ಅಲ್ಲಿ ನಮ್ಮ ಊರಿನ ವೆಲ್ಡರುಗಳು ನೀವಿಬ್ಬರೇ. ನೀವು ಪರೀಕ್ಷೆಯಲ್ಲಿ ಫೇಲಾಗಿ ನಂಬರು ಸಿಗದೆ ಕಾಯುತ್ತಿದ್ದಿರಿ. ಅದನ್ನೂ ಅಪ್ಪ ಫೋನಿನಲ್ಲಿ ಅಮ್ಮನಿಗೆ ಹೇಳಿದ್ದು ನನಗೆ ನೆನಪುಂಟು.

ನೂರ ಹದಿನಾಲ್ಕನೇ ಜಾಯಿಂಟನ್ನು ಬೆಸೆದದ್ದು ಯಾರು? ಒಂದು ಸಾಲಿನ ಉತ್ತರ ಸಾಕು.

ಬೂಬನ ಮಗಳು,
ಹರ್ಷಿಣಿ


ಬನ್ನಂಜೆ
27 ಜನವರಿ 2025

ಪ್ರೀತಿಯ ಹರ್ಷಿ,

ನಿನ್ನ ಕಾಗದ ಬಂತು. ಅಕ್ಷರ ದುಂಡಗೆ ಉಂಟು, ಸಂತೋಷ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಪುವಿನ ದೀಪಸ್ತಂಭದ ಬಂಡೆ ಹತ್ತಿಸಿದವನು ನಾನು. ಅಂಥವಳು ರಿಜಿಸ್ಟರ್ ಅಂಚೆಯಲ್ಲಿ ಪ್ರಶ್ನೆ ಕಳುಹಿಸುವಷ್ಟು ದೊಡ್ಡವಳಾದದ್ದು ನನಗೆ ಗೊತ್ತೇ ಆಗಲಿಲ್ಲ.

ಮಗಳೇ, ಅಲ್ಲಿನ ಕೆಲಸ ನೀನು ತಿಳಿದ ಹಾಗೆ ಅಲ್ಲ. ಒಂದು ದಿನಕ್ಕೆ ಎಷ್ಟೋ ಜಾಯಿಂಟ್, ಎಷ್ಟೋ ಜನ. ಬರೆದಿಡುವವನು ತಾರೀಕು ತಪ್ಪಿ ಹಾಕಿರಬಹುದು. ಏಳು ವರ್ಷದ ಹಿಂದಿನದ್ದು. ಬೂಬನೇ ಇಷ್ಟು ವರ್ಷ ಒಂದು ಮಾತು ಆಡಿಲ್ಲ. ಅವನಿಗಿಲ್ಲದ ಸಿಟ್ಟು ನಿನಗೆ ಯಾಕೆ? ಅವನನ್ನು ಕೇಳು, ಅವನು ಏನು ಹೇಳುತ್ತಾನೋ ಅದೇ ನನ್ನ ಉತ್ತರ ಎಂದು ತಿಳಿದುಕೋ.

ಕೇಂದ್ರದಲ್ಲಿ ನಿನ್ನ ಜಾಗ ಹಾಗೆಯೇ ಇಟ್ಟಿದ್ದೇನೆ.

ನಿನ್ನ ಹಿತ ಬಯಸುವ,
ಸರ್ವೋತ್ತಮ ಮಾಮ


ಕಾಪು
9 ಫೆಬ್ರವರಿ 2025

ಸರ್ವೋತ್ತಮ ಅವರಿಗೆ,

ಅಪ್ಪನನ್ನು ಕೇಳು ಎಂದಿರಿ. ಕೇಳಿದೆ.

ಅಪ್ಪ ಈಗ ಹೆಜಮಾಡಿಯಲ್ಲಿ ಬೋಟಿನವರ ಬಲೆ ಹೊಲಿಯುತ್ತಾರೆ. ನಿಮಗೆ ತಿಳಿದಿರಬಹುದು, ತಿಳಿಯದೆಯೂ ಇರಬಹುದು. ಕಂಪನಿ ಅವರ ಹೆಸರನ್ನು ಎಲ್ಲ ಕಡೆಗೂ ಕಳುಹಿಸಿದ ಮೇಲೆ ಅವರು ಟಾರ್ಚ್ ಮುಟ್ಟಿಲ್ಲ. ನಮ್ಮ ಮನೆಯ ನೀರಿನ ಪೈಪು ಒಡೆದಾಗಲೂ ಬೇರೆಯವರನ್ನು ಕರೆದರು. ನಾನು ಎರಡೂ ಕಾಗದವನ್ನು ಅವರ ಮುಂದೆ ಬಲೆಯ ಮೇಲೆಯೇ ಇಟ್ಟೆ.

"ಇದೆಲ್ಲಿ ಸಿಕ್ಕಿದ್ದು?"

"ಪೆಟ್ಟಿಗೆಯಲ್ಲಿ."

"ಪಾಸ್‌ಪೋರ್ಟ್ ಹುಡುಕು ಅಂದ್ರೆ ಇದನ್ನೆಲ್ಲ ಎಂತಕ್ಕೆ ಓದಿದ್ದು ನೀನು? ಶಾಲೆಯ ಪುಸ್ತಕ ಇಷ್ಟು ಓದಿದ್ದಿದ್ರೆ ಪಾಸಾಗ್ತಿದ್ದಿ."

"ನಂಬರು ಹೊಡೆದದ್ದು ಯಾರಪ್ಪ?"

ಅವರು ಸುಮಾರು ಹೊತ್ತು ಹೊಲಿದರು. ನಾನು ಏಳಲಿಲ್ಲ. ಕೊನೆಗೆ ಅವರೇ ಹೇಳಿದರು. ಆ ದಿನ ಅಪ್ಪನ ಬದಲಿಗೆ ನೀವು ಜಾಯಿಂಟ್ ಮುಗಿಸದಿದ್ದರೆ ಫೋರ್‌ಮನ್ ನಿಮ್ಮನ್ನು ಊರಿಗೆ ಕಳುಹಿಸುತ್ತಿದ್ದನಂತೆ. ನಂಬರಿಲ್ಲದವನನ್ನು ಇಟ್ಟುಕೊಂಡು ಎಂತ ಮಾಡುವುದು ಎಂದನಂತೆ. ನೀವು ಅಪ್ಪನನ್ನು ನೋಡಲು ಕ್ಯಾಂಪಿಗೆ ಬಂದು ಮಂಚದ ತುದಿಯಲ್ಲಿ ಕುಳಿತಿರಿ. ಅಪ್ಪ ದಿಂಬಿನ ಕೆಳಗಿನಿಂದ ಪಂಚು ತೆಗೆದು ಕೊಟ್ಟರು.

"ಅವ ಕೇಳ್ಲಿಲ್ಲ. ನಾನೇ ಕೊಟ್ಟದ್ದು. ನಂಬರು ನನ್ನದು, ಹಾಗಾದ ಮೇಲೆ ಕೆಲಸವೂ ನನ್ನದೇ."

"ಆದ್ರೆ ಟ್ಯೂಬು ಒಡೆದ ಮೇಲೆ, ನಿಮ್ಮನ್ನು ಕಳಿಸುವಾಗ, ಅವರು ಬಾಯಿ ಬಿಡಬಹುದಿತ್ತಲ್ಲ?"

ಅಪ್ಪ ನೂಲನ್ನು ಹಲ್ಲಿನಿಂದ ಕಡಿದರು. "ಬಿಡಬಹುದಿತ್ತು" ಎಂದರು.

ಅವರು ಏನು ಹೇಳುತ್ತಾರೋ ಅದೇ ನಿಮ್ಮ ಉತ್ತರ ಎಂದು ನೀವು ಬರೆದಿದ್ದೀರಿ. ಹಾಗಾದರೆ ಇದು ನಿಮ್ಮ ಉತ್ತರ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಟ್ಯೂಬು ಒಡೆದ ದಿನ ಕೆಳಗಿನ ಅಟ್ಟಣಿಗೆಯಲ್ಲಿದ್ದ ಜೋವಿನಣ್ಣನನ್ನು ಹುಡುಕಿಕೊಂಡು ಹೋದೆ. ಅವರ ಗೂಡಂಗಡಿ ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ, ನಮ್ಮ ಶೆಡ್ಡಿನಿಂದ ಹತ್ತು ನಿಮಿಷದ ದಾರಿ. ಅವರ ಮುಖ ನೋಡಲಾಗದೆ ಮೂರು ವರ್ಷದಿಂದ ನಾನು ಆ ರಸ್ತೆ ಬಿಟ್ಟು ಸುತ್ತಿ ಹೋಗುತ್ತಿದ್ದೆ. ಅವರ ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಿಸಿ ಉಪ್ಪು ಬಂದಾಗ ಮುಖಕ್ಕೆ ಅಡ್ಡ ಹಿಡಿದದ್ದು ಆ ಕೈ. ಸೋಡಾದ ಮುಚ್ಚಳ ತೆಗೆಯುವ ಕಬ್ಬಿಣವನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದಾರೆ. ಎಡಗೈಯಲ್ಲಿ ಬಾಟಲಿ ಹಿಡಿದು ಅದಕ್ಕೆ ಸಿಕ್ಕಿಸಿ ಎಳೆಯುತ್ತಾರೆ.

"ಯಾರ ಮಗಳು ನೀನು? ಇಲ್ಲಿ ನೋಡಿದ ಹಾಗಿಲ್ಲ."

"ಕಾಪುವಿನ ಬೂಬನ ಮಗಳು."

"ಸೋಡಾ ಕುಡಿದಾಯ್ತಲ್ಲ. ಇನ್ನು ಹೋಗು."

ನಾನು ಹೋಗದೆ ನಿಂತದ್ದು ನೋಡಿ ಅವರು ಪೇಪರುಗಳ ಮೇಲೆ ಭಾರಕ್ಕೆ ಇಟ್ಟಿದ್ದ ಒಂದು ತುಂಡನ್ನು ಎತ್ತಿ ನನ್ನ ಮುಂದೆ ಕುಟ್ಟಿದರು. ಒಂದು ಗೇಣುದ್ದದ ಟ್ಯೂಬು. ಒಂದು ಬದಿ ಕಪ್ಪು, ಒಂದು ಬದಿ ಬೂದು. ಕಪ್ಪು ಬದಿಯಲ್ಲಿ ಉದ್ದಕ್ಕೆ ಸೀಳಿದೆ, ಸೀಳು ಬೆಸುಗೆಯವರೆಗೂ ಹೋಗಿದೆ. ಬೆಸುಗೆಯ ಪಕ್ಕದಲ್ಲಿ 27. ರಿಪೇರಿಗೆ ಕೊಯ್ದು ಗುಜರಿಗೆ ಎಸೆದದ್ದನ್ನು ಗೆಳೆಯರ ಕೈಯಲ್ಲಿ ತರಿಸಿಕೊಂಡರಂತೆ.

"ದಿನಾ ನೋಡ್ತೇನೆ ಈ ನಂಬರನ್ನು. ಒಂದು ದಿನ ನಿನ್ನ ಅಪ್ಪನ ಮುಖಕ್ಕೆ ಬಿಸಾಡ್ಬೇಕು ಅಂತ ಇಟ್ಟದ್ದು."

"ನನಗೆ ಕೊಡಿ. ನನಗೆ ಬೇರೊಬ್ಬರ ಮುಖಕ್ಕೆ ಬಿಸಾಡ್ಲಿಕ್ಕುಂಟು."

ನಿಮ್ಮ ಹೆಸರು ಹೇಳಲಿಲ್ಲ. ಅದನ್ನು ನೀವೇ ಹೇಳಬೇಕು. ಟ್ಯೂಬು ಈಗ ನನ್ನ ಚೀಲದಲ್ಲಿದೆ. ಮಣಿಪಾಲದಲ್ಲಿ ಲೋಹ ಕೊಯ್ದು ಪರೀಕ್ಷೆ ಮಾಡುವ ಪ್ರಯೋಗಾಲಯ ಉಂಟು. ನಿಮ್ಮ ಬೆಸುಗೆಯ ಒಳಗೆ ಏನಿದೆಯೋ ಅದರ ದೊಡ್ಡ ಫೋಟೋ ಮಾಡಿಸಿ ನಿಮ್ಮ ಕೇಂದ್ರದ ಬಾಗಿಲಿಗೆ ನಾನೇ ಅಂಟಿಸುತ್ತೇನೆ. ಹುಡುಗರು ಕಲಿಯಲಿ.

ಹರ್ಷಿಣಿ


ಬನ್ನಂಜೆ
20 ಫೆಬ್ರವರಿ 2025

ಹರ್ಷಿಣಿ,

ನೀನು ಕೇಳಿದ ಒಂದು ಸಾಲು: ಬೆಸೆದದ್ದು ನಾನು.

ಇನ್ನು ಉಳಿದದ್ದು. ಅಂದು ನಲವತ್ತೆಂಟು ಡಿಗ್ರಿ. ಅಟ್ಟಣಿಗೆಯ ಕಂಬಿ ಮುಟ್ಟಲು ಆಗುತ್ತಿರಲಿಲ್ಲ. ನಾನು ಮಂಡಿಯ ಕೆಳಗೆ ಗೋಣಿ ಹಾಕಿಕೊಂಡು ಕೂತಿದ್ದೆ. ಕೊನೆಯ ಸುತ್ತಿನಲ್ಲಿ ಬೆವರು ಕಣ್ಣಿಗೆ ಬಂತು, ಕೈ ಒಮ್ಮೆ ನಡುಗಿತು. ಟಾರ್ಚಿನ ತುದಿಯ ಕಿಡಿ, ಆ ಆರ್ಕ್, ಆರಿತು, ಮತ್ತೆ ಹೊತ್ತಿಸಿದೆ. ಎಕ್ಸ್‌ರೇ ತೆಗೆದರು, ಪಾಸಾಯಿತು. ಆದರೆ ಎಕ್ಸ್‌ರೇ ಎಲ್ಲವನ್ನೂ ಹಿಡಿಯುವುದಿಲ್ಲ, ಅದು ಈ ಕೆಲಸದವರಿಗೆಲ್ಲ ಗೊತ್ತು. ಹದಿನಾರು ತಿಂಗಳ ಮೇಲೆ ಟ್ಯೂಬು ಒಡೆಯಿತು ಎಂದಾಗ ನನಗೆ ಮೊದಲು ನೆನಪಾದದ್ದು ಆ ನಡುಕ.

ಅಷ್ಟರಲ್ಲಿ ನನಗೆ ನನ್ನದೇ ನಂಬರು ಸಿಕ್ಕಿತ್ತು, ನಲವತ್ತೊಂದು. ಬೂಬ ಗಂಟು ಕಟ್ಟಿಕೊಂಡು ಬಸ್ಸು ಹತ್ತುವಾಗ ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳಿರಬಹುದು. ನಾಲ್ಕು ವರ್ಷ ಹೆಚ್ಚು ಅಲ್ಲೇ ಇದ್ದೆ, ಇನ್‌ಸ್ಪೆಕ್ಟರ್ ಆದೆ, ಬೇರೆಯವರ ಬೆಸುಗೆಗೆ ಗುರುತು ಹಾಕಿದೆ.

ನಿನ್ನಲ್ಲಿ ಒಂದೇ ಬೇಡಿಕೆ. ಆ ಟ್ಯೂಬನ್ನು ಕೊಯ್ಯಿಸಬೇಡ. ನೀನು ಹೇಳಿದಲ್ಲಿ ಬಂದು ಬೂಬನ ಕಾಲು ಹಿಡಿಯುತ್ತೇನೆ. ಆದರೆ ಒಳಗೆ ಏನಿದೆ ಎಂದು ನನಗೆ ತಿಳಿಯುವುದು ಬೇಡ. ಒಬ್ಬನ ಕೈಯನ್ನು ಸುಟ್ಟದ್ದು ನನ್ನ ಕೈಯೇ ಎಂದು ಅಂದಾಜಿನಲ್ಲಿ ಬದುಕುವುದು ಬೇರೆ, ಫೋಟೋ ನೋಡಿ ಬದುಕುವುದು ಬೇರೆ.

ಸರ್ವೋತ್ತಮ


ಕಾಪು
14 ಮಾರ್ಚ್ 2025

ಸರ್ವೋತ್ತಮ ಅವರಿಗೆ,

ನಿಮ್ಮ ಕಾಗದ ಬರುವ ಮೊದಲೇ ಟ್ಯೂಬನ್ನು ಕೊಟ್ಟಾಗಿತ್ತು. ಮೊದಲು ಕೊಟ್ಟಿರದಿದ್ದರೂ ಕೊಡುತ್ತಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಪ್ರಯೋಗಾಲಯದ ಅಕ್ಷಿತಾ ಮೇಡಂ ಮೊದಲು ನನ್ನನ್ನು ಯಾವುದೋ ಕಾಲೇಜಿನ ವಿದ್ಯಾರ್ಥಿನಿ ಎಂದುಕೊಂಡರು. "ಯಾವ ಸೆಮಿಸ್ಟರ್?" ಎಂದರು. "ಹತ್ತನೇ ಕ್ಲಾಸು ಫೇಲು, ಮೇಡಂ. ಗೇಟು ಮಾಡ್ತೇನೆ" ಎಂದೆ. ಅವರು ನಗಲಿಲ್ಲ. ಟ್ಯೂಬನ್ನು ತಿರುಗಿಸಿ ನೋಡಿ, "ಇದನ್ನು ಬೆಳಕಿಗೆ ಹಿಡಿದದ್ದು ಯಾವ ಬದಿ, ಗೋಪುರಕ್ಕೆ ತಿರುಗಿದ್ದು ಯಾವ ಬದಿ?" ಎಂದು ಕೇಳಿದರು. ನನಗೆ ಗೊತ್ತಿತ್ತು, ಕಪ್ಪು ಬದಿ ಕನ್ನಡಿಗಳ ಕಡೆಗೆ. ನಾಣ್ಯದಂತೆ ತೆಳುವಾಗಿ ಕೊಯ್ದರು, ಕನ್ನಡಿಯ ಹಾಗೆ ಉಜ್ಜಿದರು, ಯಾವುದೋ ಆಸಿಡ್ ಹಚ್ಚಿದರು. ನನ್ನನ್ನೂ ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಹದಿನೈದು ಪುಟದ ವರದಿ ಮಾರ್ಚ್ ಹನ್ನೊಂದಕ್ಕೆ ನನ್ನ ಕೈಗೆ ಬಂದಿದೆ.

ಅದರಲ್ಲಿ ಏನುಂಟು ಎಂದು ನಾನು ಹೇಳುವುದಿಲ್ಲ. ತಿಳಿಯುವುದು ಬೇಡ ಎಂದವರು ನೀವು. ನಿಮ್ಮ ಮಾತನ್ನೇ ನಡೆಸುತ್ತಿದ್ದೇನೆ.

ನೀವು ಮಾಡಬೇಕಾದದ್ದು ಬೇರೆ ಉಂಟು. ಆ ದಿನ ಪಂಚು ನಿಮ್ಮ ಕೈಯಲ್ಲಿತ್ತು ಎಂದು ಜೋವಿನಣ್ಣನ ಎದುರು ನಿಂತು ಹೇಳಬೇಕು. ಕಂಪನಿಗೆ ಬರೆಯಬೇಕು. ಅಪ್ಪನ ಕಾಲು ಹಿಡಿಯುವುದು ಬೇಡ, ಅವರು ನಿಮ್ಮನ್ನು ಎಬ್ಬಿಸಿ ಚಾ ಕೊಡುತ್ತಾರೆ, ನಿಮಗೆ ಸುಲಭವಾಗುತ್ತದೆ. ಜೋವಿನಣ್ಣ ಚಾ ಕೊಡುವುದಿಲ್ಲ.

ಹೇಳಿದ ಮೇಲೆ ವರದಿ ತೋರಿಸುತ್ತೇನೆ ಎಂದು ನಾನು ಮಾತು ಕೊಡುತ್ತಿಲ್ಲ. ಇದನ್ನು ಸರಿಯಾಗಿ ಓದಿಕೊಳ್ಳಿ.

ಹರ್ಷಿಣಿ


ಬನ್ನಂಜೆ
22 ಮಾರ್ಚ್ 2025

ಹರ್ಷಿಣಿ,

ತಿಳಿಯುವುದು ಬೇಡ ಎಂದದ್ದು ತಪ್ಪಾಯಿತು. ವರದಿ ಇದೆ ಎಂದು ತಿಳಿದ ಮೇಲೆ ಅನ್ನ ಸೇರುತ್ತಿಲ್ಲ. ಮೊನ್ನೆ ಹುಡುಗರಿಗೆ ಟಾರ್ಚ್ ಹಿಡಿದು ತೋರಿಸಲು ಹೋದೆ. ಆಗಲಿಲ್ಲ. ಕಣ್ಣು ನೋವು ಎಂದು ಹೇಳಿ ಕೆಳಗಿಟ್ಟೆ. ಒಂದೇ ಶಬ್ದ ಸಾಕು. ಒಳಗೆ ತೂತು ಇತ್ತೇ?

ಸರ್ವೋತ್ತಮ


ಕಾಪು
29 ಮಾರ್ಚ್ 2025

ಸರ್ವೋತ್ತಮ ಅವರಿಗೆ,

ನಿನ್ನೆ ಸಂಜೆ ಜೋವಿನಣ್ಣನ ಅಂಗಡಿಗೆ ಹೋಗಿದ್ದೆ. ನೀವಿನ್ನೂ ಬಂದಿಲ್ಲ ಎಂದು ತಿಳಿಯಿತು.

ಅಪ್ಪ ಮನೆಗೆ ಬಂದ ಹೊಸತರಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು, ಗೋಡೆಯನ್ನು. "ಒಳಗೆ ಎಂತ ಇದ್ದಿರಬಹುದು?" ಅವರಿಗೂ ಯಾರೂ ಒಂದು ಶಬ್ದ ಹೇಳಲಿಲ್ಲ.

ಹರ್ಷಿಣಿ


ಬನ್ನಂಜೆ
19 ಏಪ್ರಿಲ್ 2025

ಹರ್ಷಿಣಿ,

ಮಂಗಳವಾರ ಕಾರ್ಕಳಕ್ಕೆ ಹೋದೆ. ಎರಡು ಸಲ ಅಂಗಡಿ ದಾಟಿ ಹೋಗಿ ಮೂರನೆಯ ಸಲ ನಿಂತೆ. ಜೋವಿನ್ ನನ್ನ ಗುರುತು ಹಿಡಿದ. "ಸರ್ವೋತ್ತಮಣ್ಣ, ನಿಮ್ಮನ್ನು ದಿನಾ ನೋಡ್ತೇನೆ ಮಾರಾಯ್ರೆ" ಎಂದು ನಕ್ಕು ತೋರಿಸಿದ. ತರಬೇತಿ ಕೇಂದ್ರದ ಪೋಸ್ಟರನ್ನು, ನನ್ನ ಫೋಟೋ ಇರುವುದನ್ನು, ನಮ್ಮ ಹುಡುಗರು ಅವನ ಅಂಗಡಿಯ ಬಾಗಿಲಿಗೇ ಅಂಟಿಸಿ ಹೋಗಿದ್ದಾರೆ.

ಹೇಳಿದೆ. ಪಂಚು ಎಲ್ಲಿಂದ ಬಂತು, ಯಾಕೆ ಬಂತು, ಕೈ ನಡುಗಿದ್ದು, ಬಸ್ಸಿನ ಹತ್ತಿರ ಸುಮ್ಮನೆ ನಿಂತದ್ದು. ಅವನು ಪೂರ್ತಿ ಕೇಳಿದ. ಬೈಯಲಿಲ್ಲ. ಒಂದು ಸೋಡಾ ಬಾಟಲಿ ನನ್ನ ಮುಂದಿಟ್ಟ.

"ಬಲಗೈ ಹಿಂದಕ್ಕೆ ಕಟ್ಟಿಕೊಳ್ಳಿ. ಎಡಗೈಯಲ್ಲಿ ತೆಗೆಯಿರಿ ನೋಡುವ."

ಗೋಡೆಯ ಕಬ್ಬಿಣಕ್ಕೆ ಸಿಕ್ಕಿಸಿ ಎಳೆದೆ. ಬಾಟಲಿಯ ಕುತ್ತಿಗೆ ಒಡೆದು ಅಂಗಿಯೆಲ್ಲ ಒದ್ದೆಯಾಯಿತು. ಬಸ್ಸಿಗೆ ಕಾಯುವವರು ನೋಡುತ್ತಿದ್ದರು. "ನನಗೆ ಕಲಿಯಲಿಕ್ಕೆ ಎಂಟು ತಿಂಗಳು ಬೇಕಾಯ್ತು" ಎಂದ. ಇನ್ನೊಂದು ಬಾಟಲಿ ಇಟ್ಟ. ನಾಲ್ಕನೆಯದನ್ನು ತೆಗೆದೆ. ಕುಡಿದು ಹೋಗಿ ಎಂದ. ಪೋಸ್ಟರನ್ನು ಹರಿಯಲಿಲ್ಲ, ಅದು ಅಲ್ಲೇ ಇರಲಿ ಎಂದ.

ಆಮೇಲೆ ಹೆಜಮಾಡಿಗೆ ಹೋದೆ. ಬೂಬ ನನ್ನನ್ನು ನೋಡಿ ಜಾಗ ಸರಿದು ಕೂತ. ಏನು ಹೇಳಬೇಕೆಂದು ನಾನು ಬಾಯಿ ತೆರೆದರೆ, "ನೂಲಿನ ಉಂಡೆ ಹಿಡಿ" ಎಂದ. ಬಿಸಿಲು ಇಳಿಯುವ ತನಕ ಹಿಡಿದೆ.

ಕಂಪನಿಗೆ ಬರೆದ ಕಾಗದದ ಪ್ರತಿ ಇದರೊಂದಿಗೆ ಇದೆ. ಕೇಂದ್ರದ ಹುಡುಗರಿಗೂ ಹೇಳಿದ್ದೇನೆ. ಹದಿನೆಂಟು ಜನರಲ್ಲಿ ಐದು ಜನ ಮರುದಿನ ಬರಲಿಲ್ಲ.

ಇನ್ನು ವರದಿಯನ್ನು ಕೇಳುವುದಿಲ್ಲ. ನೀನು ಮಾತು ಕೊಟ್ಟಿಲ್ಲ, ಓದಿಕೊಂಡಿದ್ದೇನೆ.

ಸರ್ವೋತ್ತಮ


ಕಾಪು
23 ಏಪ್ರಿಲ್ 2025

ಸರ್ವೋತ್ತಮ ಮಾಮನಿಗೆ,

ನಿಮ್ಮ ಬೆಸುಗೆಯಲ್ಲಿ ತೂತು ಇಲ್ಲ. ಬಿರುಕು ಇಲ್ಲ. ಅಕ್ಷಿತಾ ಮೇಡಂ ಬರೆದದ್ದು ಹಾಗೆಯೇ ಹೇಳುವುದಾದರೆ, ಅದು ಒಳ್ಳೆಯ ಬೆಸುಗೆ.

ಆ ದಿನ ಪ್ರಯೋಗಾಲಯದಲ್ಲಿ ನಾನು ಅದನ್ನು ನಂಬಲಿಲ್ಲ. "ಮೇಡಂ, ಇನ್ನೊಮ್ಮೆ ನೋಡಿ, ಎಲ್ಲಾದರೂ ಇರಬೇಕು" ಎಂದೆ. ಅವರು ಇನ್ನೊಂದು ಕಡೆ ಕೊಯ್ದರು. "ಅಲ್ಲೂ ಇಲ್ಲ" ಎಂದರು. ಮತ್ತೊಂದು ಕಡೆ ಎಂದೆ. "ಹರ್ಷಿಣಿ, ನಿಮಗೆ ಯಾರ ಮೇಲಾದರೂ ಸಿಟ್ಟುಂಟಾ?" ಎಂದು ಕೇಳಿದರು. ಉಂಟು ಎಂದೆ. "ಲೋಹಕ್ಕೆ ಅದು ಗೊತ್ತಿಲ್ಲ" ಎಂದರು.

ಬಿರುಕು ಶುರುವಾದದ್ದು ಬೆಸುಗೆಯಿಂದ ನಾಲ್ಕು ಬೆರಳು ಆಚೆ, ಕಪ್ಪು ಬದಿಯ ನೆತ್ತಿಯಲ್ಲಿ. ಬರಿಗಣ್ಣಿಗೆ ಒಂದೇ ಸೀಳು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸುತ್ತಮುತ್ತ ಕೂದಲಿನಷ್ಟು ಸಣ್ಣ ಬಿರುಕುಗಳು ನೂರಾರು. ಗೇಟಿನ ಪಟ್ಟಿಯ ಒಂದೇ ಬದಿಗೆ ಬೆಂಕಿ ಕೊಟ್ಟರೆ ಅದು ಬಾಗುತ್ತದೆ, ನಾವು ಅದನ್ನು ದಿನಾ ನೋಡುತ್ತೇವೆ. ಬಿಸಿಯಾದ ಬದಿ ಉದ್ದವಾಗಲು ನೋಡುತ್ತದೆ, ತಣ್ಣಗಿನ ಬದಿ ಬಿಡುವುದಿಲ್ಲ. ಆ ಟ್ಯೂಬಿಗೂ ಅದೇ. ಮುಂದಿನ ಬದಿಗೆ ಸಾವಿರ ಕನ್ನಡಿಗಳ ಬಿಸಿಲು, ಹಿಂದಿನ ಬದಿಗೆ ಏನೂ ಇಲ್ಲ. ಎರಡು ತುದಿಯನ್ನೂ ಹಿಡಿದು ಕಟ್ಟಿದ್ದಾರೆ, ಹಾಗಾಗಿ ಅದಕ್ಕೆ ಬಾಗುವ ಜಾಗವೂ ಇಲ್ಲ. ಬೆಳಿಗ್ಗೆ ಒಮ್ಮೆ ಎಳೆತ, ಸಂಜೆ ಒಮ್ಮೆ ಸಡಿಲ. ಅಷ್ಟನ್ನು ಅದು ತಾಳುತ್ತದಂತೆ, ಮೂವತ್ತು ವರ್ಷಕ್ಕೆಂದೇ ಲೆಕ್ಕ ಹಾಕಿ ಮಾಡುತ್ತಾರಂತೆ. ಮೋಡ ಬಂದರೆ ಕಷ್ಟ. ಮೋಡ ಸರಿದ ಮೇಲೆ ಕನ್ನಡಿಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ತಣ್ಣಗಾದ ಟ್ಯೂಬಿನ ಮುಖಕ್ಕೆ ಒಮ್ಮೆಲೇ ಬೆಂಕಿ ಹೊಡೆದ ಹಾಗೆ. ದಿನಕ್ಕೆ ಐದಾರು ಸಲ ಹಾಗೆ ಮಾಡಿದರೆ ಹದಿನಾರು ತಿಂಗಳು ಸಾಕು.

ಇನ್ನೊಂದು ಉಂಟು. ಇದನ್ನು ಬರೆಯಲು ನನಗೆ ಎಲ್ಲಕ್ಕಿಂತ ಕಷ್ಟವಾಗುತ್ತದೆ. ಆ ಸೀಳು ಟ್ಯೂಬಿನ ಉದ್ದಕ್ಕೂ ಓಡಿ ನಿಮ್ಮ ಬೆಸುಗೆಯ ಹತ್ತಿರ ಬಂದು ನಿಂತಿದೆ. ದಾಟಿ ಹೋಗಲು ಅದಕ್ಕೆ ಆಗಲಿಲ್ಲ. ಕಂಪನಿಯವರು ಸೀಳಿನ ಕೊನೆಯನ್ನು ನೋಡಿ ಅದೇ ಶುರು ಎಂದರು. ಬೆಸುಗೆಯ ಪಕ್ಕದಲ್ಲಿ ಒಂದು ನಂಬರಿತ್ತು. ಮೋಡಕ್ಕೆ ನಂಬರಿಲ್ಲ.

ನಿನ್ನೆ ವರದಿಯನ್ನು ಮೊದಲು ಅಪ್ಪನಿಗೆ ಓದಿ ಹೇಳಿದೆ. ಉಳಿದ ತುಂಡನ್ನು ಅವರ ಕೈಗೆ ಕೊಟ್ಟೆ. ಟ್ಯೂಬನ್ನು ಅವರು ನೋಡಿದ್ದು ಅದೇ ಮೊದಲು. ಹೆಬ್ಬೆರಳಿನಿಂದ ಬೆಸುಗೆಯ ಸುತ್ತ ಒಂದು ಸುತ್ತು ಸವರಿದರು. ಒಂದು ಕಡೆ ಬೆರಳು ನಿಂತಿತು. "ಇಲ್ಲಿ ಆರ್ಕ್ ಆರಿದೆ. ಮತ್ತೆ ಹೊತ್ತಿಸಿದ್ದು ಚೆಂದ ಮಾಡಿದ್ದಾನೆ" ಎಂದರು. ನೀವು ಬರೆದದ್ದನ್ನು ನಾನು ಅವರಿಗೆ ಹೇಳಿರಲಿಲ್ಲ.

ಅಲ್ಲಿಂದ ಕಾರ್ಕಳಕ್ಕೆ ಹೋದೆ. ಜೋವಿನಣ್ಣ ಪೂರ್ತಿ ಕೇಳಿ ವರದಿಯನ್ನು ಎಡಗೈಯಲ್ಲಿ ಮಡಚಿಟ್ಟರು. "ಹಾಗಾದ್ರೆ ಐದು ವರ್ಷ ನಾನು ತಪ್ಪು ಮನುಷ್ಯನಿಗೆ ಬೈದೆ. ಮೊನ್ನೆ ಇನ್ನೊಬ್ಬ ತಪ್ಪು ಮನುಷ್ಯನಿಗೆ ಸೋಡಾ ತೆಗೆಸಿದೆ" ಎಂದರು. ಎರಡನೆಯವನು ಪೂರ್ತಿ ತಪ್ಪು ಮನುಷ್ಯನಲ್ಲ ಎಂದೆ. ಅವರು ಒಪ್ಪಿದರು. ಆಮೇಲೆ ಅವರಿಗೆ ನೆನಪಾಯಿತು. ಆ ವರ್ಷವಿಡೀ ಮೋಡ ಹೆಚ್ಚಿತ್ತು. ಮೋಡ ಸರಿದ ಕೂಡಲೇ ಕಂಟ್ರೋಲ್ ರೂಮಿನವರು ಎಲ್ಲ ಕನ್ನಡಿಗಳನ್ನೂ ಒಟ್ಟಿಗೆ ತಿರುಗಿಸುತ್ತಿದ್ದರು, ಮೇಲೆ ಟ್ಯೂಬುಗಳು ಟಕ್ ಟಕ್ ಎನ್ನುವುದು ಕೆಳಗಿನ ಅಟ್ಟಣಿಗೆಗೂ ಕೇಳುತ್ತಿತ್ತು. ಅಪ್ಪನೂ ಅದನ್ನೇ ಹೇಳುತ್ತಾರೆ. ನೀವು ಅಪ್ಪನಿಗಿಂತ ನಾಲ್ಕು ವರ್ಷ ಹೆಚ್ಚು ಅಲ್ಲಿದ್ದಿರಿ, ಇನ್‌ಸ್ಪೆಕ್ಟರ್ ಆಗಿದ್ದಿರಿ. ನಿಮಗೆ ಕೇಳಿಸದೆ ಇರಲಿಲ್ಲ.

ಕಂಪನಿಗೆ ಇನ್ನೊಂದು ಕಾಗದ ಸಿದ್ಧವಾಗುತ್ತಿದೆ. ಇಂಗ್ಲಿಷಿನದ್ದನ್ನು ಅಕ್ಷಿತಾ ಮೇಡಂ ತಿದ್ದಿ ಕೊಡುತ್ತಾರೆ. ಜೋವಿನಣ್ಣ ಎಡಗೈಯಲ್ಲಿ ಸಹಿ ಹಾಕಿದ್ದಾರೆ. ಅಪ್ಪ ಹೆಸರು ಬರೆದು ಪಕ್ಕದಲ್ಲಿ ಇಪ್ಪತ್ತೇಳು ಎಂದು ಹಾಕಿದ್ದಾರೆ. ಮೂರನೆಯ ಜಾಗ ಖಾಲಿ ಉಂಟು. ಈ ಸಲ ನಿಮ್ಮ ಸ್ವಂತ ನಂಬರು ಹಾಕಿ.

ಇನ್ನು, ನನ್ನ ವಿಷಯ. ವರದಿ ನನಗೆ ಸಿಕ್ಕಿದ್ದು ಮಾರ್ಚ್ ಹನ್ನೊಂದಕ್ಕೆ. ನಿಮ್ಮ ಕೈ ಯಾರನ್ನೂ ಸುಡಲಿಲ್ಲ ಎಂದು ಅಂದೇ ನನಗೆ ಗೊತ್ತಿತ್ತು. ನೀವು ಅನ್ನ ಸೇರುತ್ತಿಲ್ಲ ಎಂದು ಬರೆದಾಗ ಗೊತ್ತಿತ್ತು. ಟಾರ್ಚ್ ಕೆಳಗಿಟ್ಟೆ ಎಂದಾಗ ಗೊತ್ತಿತ್ತು. ಆ ಕಾಗದವನ್ನು ನಾನು ಮೂರು ಸಲ ಓದಿದೆ, ಪ್ರತಿ ಸಲವೂ ನನಗೆ ಹಿತವಾಯಿತು. ವರದಿಯನ್ನು ಅಪ್ಪನಿಂದಲೂ ಮುಚ್ಚಿಟ್ಟೆ, ಯಾಕೆಂದರೆ ಅವರಿಗೆ ತಿಳಿದರೆ ಅದೇ ಗಳಿಗೆಯಲ್ಲಿ ನಿಮಗೆ ಫೋನು ಮಾಡುತ್ತಿದ್ದರು. ಅಷ್ಟು ದಿನ ಅವರೂ ಕಾದರು, ಜೋವಿನಣ್ಣನೂ ಕಾದರು. ಅದು ನನ್ನ ತಪ್ಪು. ಅದನ್ನು ಅವರಿಬ್ಬರ ಎದುರು ಹೇಳಿದ್ದೇನೆ. ಅಪ್ಪ ನಿನ್ನೆಯಿಂದ ನನ್ನ ಜೊತೆ ಮಾತಾಡುತ್ತಿಲ್ಲ.

ನಿಮ್ಮ ಹತ್ತಿರ ತಪ್ಪಾಯಿತು ಎನ್ನುವುದಿಲ್ಲ. ನೀವೂ ನನಗೆ ಉಪಕಾರ ಹೇಳಿ ಕಾಗದ ಹಾಕಬೇಡಿ. ನೀವು ಅಪ್ಪನನ್ನು ಇಟ್ಟ ಹಾಗೆ, ನಿಮ್ಮನ್ನೂ ಐದು ವರ್ಷ ಆ ಅನುಮಾನದಲ್ಲೇ ಇಡಬೇಕೆಂದು ಇದ್ದೆ. ನಲವತ್ತಮೂರು ದಿನಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ.

ಹರ್ಷಿಣಿ